ನಾನೂ, ನನಗೂ, ನಾವಿಬ್ಬರೂ: ಸಮಾನ ಅಭಿರುಚಿಯನ್ನು ಇಂಗ್ಲಿಷಿನಲ್ಲಿ ಹೇಳುವ ಬಗೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ನೆನಪುಗಳನ್ನು ಬರೆಯುವವರು ಅನೇಕರಿರುವುದರಿಂದ ನಾನೊಂದು ಪಾಠವನ್ನೇ ಬರೆದುಕೊಡುತ್ತೇನೆಂದು ಒಪ್ಪಿಕೊಂಡೆ. ಪಾಠದ ವಿಷಯವನ್ನು ಒದಗಿಸಿದವನು ಈ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ.

ನಮ್ಮ ಮಡಕಶಿರಾ ಸೀಮೆಗೆ ಸಮೀಪದ ಪೆನುಕೊಂಡ, 1565ರ ಯುದ್ಧದ ತರುವಾಯ ವಿಜಯನಗರದ ಅರಸರಿಗೆ ರಾಜಧಾನಿಯಾಗಿದ್ದ ಊರು. ಅದರ ಬಳಿ ಕೊರಿಯ ದೇಶದ ಕಿಯಾ ಮೋಟಾರು ಕಾರ್ಖಾನೆ ಸ್ಥಾಪಿತವಾಗಿ, 2019ರಿಂದ ಅಲ್ಲಿ ಕಾರುಗಳು ತಯಾರಾಗುತ್ತಿವೆ. ಅದರ ಜೊತೆಗೆ ಬಿಡಿಭಾಗಗಳನ್ನು ಮಾಡುವ ಕಾರ್ಖಾನೆಗಳೂ ಬಂದವು, ಕೊರಿಯದ ಎಂಜಿನಿಯರುಗಳೂ ಬಂದರು. ಈ ಹುಡುಗ ಅಂಥದೊಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಒಂದು ದಿನ ಕ್ಯಾಂಟೀನಿನಲ್ಲಿ ಕೊರಿಯದ ಅಧಿಕಾರಿಯೊಬ್ಬರು, 'ಐ ಡೋಂಟ್ ಲೈಕ್ ಕಾಫಿ', ಅಂದರೆ ನನಗೆ ಕಾಫಿ ಇಷ್ಟವಿಲ್ಲ, ಎಂದರಂತೆ. ಕಾಫಿ ಕುಡಿಯದ ನಮ್ಮ ಹುಡುಗ ಸಂತೋಷದಿಂದ 'ಮೀ ಟೂ' ಎಂದನಂತೆ. ಪಕ್ಕದಲ್ಲಿದ್ದ ನಮ್ಮ ದೇಶದವರೇ ಆದ ಮೇಲಾಳೊಬ್ಬರು ನಕ್ಕು, 'ಕನ್ನಡ ಶಾಲೆಯಲ್ಲಿ ಇದನ್ನೇ ಕಲಿಸಿದರೇನು?' ಎಂದು ಎಲ್ಲರೆದುರು ಕೇಳಿದರಂತೆ. ಅಂದಿನಿಂದ ಹುಡುಗ ಇಂಗ್ಲಿಷಿನಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ. ಕೆಲವು ವಾರಗಳ ಬಳಿಕ ಅದೇ ಕೊರಿಯದ ಅಧಿಕಾರಿ, ಬೇರೊಬ್ಬರು 'ನನಗೆ ಈ ಸೆಕೆ ಹಿಡಿಸುವುದಿಲ್ಲ' ಎಂದಾಗ, 'ಮೀ ಟೂ' ಎಂದುದನ್ನು ತನ್ನ ಕಿವಿಯಾರೆ ಕೇಳಿದ. ರಜೆಯಲ್ಲಿ ಮನೆಗೆ ಬಂದವನು ನನ್ನನ್ನು ಕೇಳಿದ್ದಿಷ್ಟೇ: 'ಗುರುಗಳೇ, ಅವರು ಯಾವ ಕನ್ನಡ ಶಾಲೆಯಲ್ಲಿ ಓದಿದ್ದರು?'

ಅವನ ಪ್ರಶ್ನೆಗೆ ಉತ್ತರವಾಗಿ ಈ ಪಾಠವನ್ನು ಬರೆದಿದ್ದೇನೆ. ಕೊರಿಯದ ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ಎಡವುವ ಎಡೆಗಳನ್ನು ನೋಡಿದರೆ ನಮ್ಮವರು ಎಡವುವುದೇಕೆಂಬುದೂ ತಿಳಿಯುತ್ತದೆ.

1. ಎರಡು ಭಾಷೆಗಳ ಒಂದೇ ನಡೆ

ಕೊರಿಯದಲ್ಲಿ ಇಂಗ್ಲಿಷಿಗೆ ಕೊಡುವ ಮಹತ್ವ ಅಲ್ಪವಲ್ಲ. 1997ರಿಂದ ಅಲ್ಲಿ ಮೂರನೆಯ ತರಗತಿಯಲ್ಲೇ ಇಂಗ್ಲಿಷ್ ಕಡ್ಡಾಯ ಪಾಠವಾಗಿದೆ. ಕಾಲೇಜು ಪ್ರವೇಶದ ರಾಷ್ಟ್ರೀಯ ಪರೀಕ್ಷೆಯಲ್ಲಿ ಇಂಗ್ಲಿಷನ್ನು ಕೇಳಿ ಉತ್ತರಿಸುವ ಭಾಗ ನಡೆಯುವಾಗ, ಸದ್ದಿನಿಂದ ಮಕ್ಕಳಿಗೆ ತೊಂದರೆಯಾಗದಿರಲೆಂದು ವಿಮಾನಗಳು ಏರುವುದನ್ನೂ ಇಳಿಯುವುದನ್ನೂ ತಡೆಹಿಡಿಯುತ್ತಾರೆ. ಇಷ್ಟಾದರೂ ಅಲ್ಲಿನ ಅನೇಕರು ಮಾತನಾಡಲು ಹಿಂಜರಿಯುತ್ತಾರೆ. ಅದಕ್ಕೆ ಕಾರಣ ಬುದ್ಧಿಯ ಕೊರತೆಯಲ್ಲ. ಅವರ ಭಾಷೆಯ ಕಟ್ಟೂ ಇಂಗ್ಲಿಷಿನ ಕಟ್ಟೂ ಬೇರೆ ಬೇರೆಯಾಗಿವೆ.

ಕೊರಿಯನ್ ಭಾಷೆಯಲ್ಲಿ ಕನ್ನಡದಂತೆಯೇ ಕರ್ತೃ ಮೊದಲು, ಕರ್ಮ ನಡುವೆ, ಕ್ರಿಯಾಪದ ಕೊನೆಗೆ. ವಿಭಕ್ತಿಯ ಕೆಲಸ ಮಾಡುವ ಪ್ರತ್ಯಯಗಳು ಅಲ್ಲಿಯೂ ನಾಮಪದದ ಹಿಂದೆ ಬರುತ್ತವೆ. ಇಂಗ್ಲಿಷಿನ 'ಎ', 'ದ' ಎಂಬ ಉಪಪದಗಳಿಗೆ ಸಮನಾದುದು ಎರಡು ಭಾಷೆಗಳಲ್ಲಿಯೂ ಇಲ್ಲ. ಒಂದು ವಾಕ್ಯವನ್ನು ಬಿಡಿಸಿ ನೋಡೋಣ: 'ಉಮಾಗೆ ಗ್ವಾನ್ಶಿಮಿ ಇಸ್ಸೊಯೊ.' ಇಲ್ಲಿ 'ಉಮಾಕ್' ಎಂದರೆ ಸಂಗೀತ. ಅದಕ್ಕೆ ಹತ್ತಿದ 'ಎ' ನಮ್ಮ 'ಅಲ್ಲಿ' ಪ್ರತ್ಯಯದ ಕೆಲಸ ಮಾಡುತ್ತದೆ. 'ಗ್ವಾನ್ಶಿಮ್' ಎಂದರೆ ಆಸಕ್ತಿ, 'ಇಸ್ಸೊಯೊ' ಎಂದರೆ ಇದೆ. ಒಟ್ಟಿನಲ್ಲಿ 'ಸಂಗೀತದಲ್ಲಿ ಆಸಕ್ತಿ ಇದೆ.' ಪದಕ್ಕೆ ಪದವಿಟ್ಟರೂ ಕನ್ನಡ ಕೆಡಲಿಲ್ಲ! ಇದನ್ನೇ ಇಂಗ್ಲಿಷಿಗೆ ಪದಕ್ಕೆ ಪದವಾಗಿ ತಂದರೆ ವಾಕ್ಯ ಕುಸಿದುಬೀಳುತ್ತದೆ.

ಈ ಹೋಲಿಕೆಯನ್ನು ಕಂಡು ಹಲ್ಬರ್ಟ್ ಎಂಬ ಅಮೆರಿಕದ ಪಾದ್ರಿ 1905ರಲ್ಲಿ ಕೊರಿಯನ್ ಭಾಷೆಗೂ ದ್ರಾವಿಡ ಭಾಷೆಗಳಿಗೂ ತೌಲನಿಕ ವ್ಯಾಕರಣವನ್ನೇ ಬರೆದರು. ಅವರು ಊಹಿಸಿದ ರಕ್ತಸಂಬಂಧವನ್ನು ಇಂದಿನ ಭಾಷಾವಿಜ್ಞಾನಿಗಳು ಒಪ್ಪುವುದಿಲ್ಲ. ಕೊರಿಯದ ಮಗುವೂ ತಂದೆಯನ್ನು 'ಅಪ್ಪಾ' ಎಂದೇ ಕರೆಯುತ್ತದೆಯೆಂಬುದು ಆಕಸ್ಮಿಕ. ಆದರೆ ನಡೆ ಒಂದೇ ಆದುದರಿಂದ ಎಡವುವ ಕಲ್ಲುಗಳೂ ಒಂದೇ ಆಗಿವೆ.

2. ಕೇಳುವ ಬಗೆ

ಅಭಿರುಚಿಯನ್ನು ತಿಳಿಯಲು ಕೊರಿಯದ ವಿದ್ಯಾರ್ಥಿ ಮೊದಲು ಕಲಿಯುವ ಪ್ರಶ್ನೆ 'ವಾಟ್ ಈಸ್ ಯುವರ್ ಹಾಬಿ?' ಅದು 'ಚ್ವಿಮಿ', ಅಂದರೆ ಹವ್ಯಾಸ, ಎಂಬ ಅವರ ಪದವಿರುವ ವಾಕ್ಯದ ನೇರ ಅನುವಾದ. 'ನಿಮ್ಮ ಹವ್ಯಾಸವೇನು?' ಎಂಬುದರಿಂದ ನಮ್ಮವರೂ ಅಲ್ಲಿಗೇ ತಲುಪುತ್ತಾರೆ. ವ್ಯಾಕರಣದಲ್ಲಿ ತಪ್ಪಿಲ್ಲವಾದರೂ ಇಂಗ್ಲಿಷ್ ಮನೆಮಾತಿನವರ ಕಿವಿಗೆ ಅದು ಅರ್ಜಿಯ ನಮೂನೆಯನ್ನು ತುಂಬಿಸಿದಂತೆ ಕೇಳುತ್ತದೆ. ಅವರು ಹಾಬಿ ಎನ್ನುವುದು ಅಂಚೆಚೀಟಿ ಸಂಗ್ರಹ, ತೋಟಗಾರಿಕೆ, ಛಾಯಾಗ್ರಹಣದಂತಹ ಶ್ರದ್ಧೆಯಿಂದ ಮಾಡುವ ಕೆಲಸಕ್ಕೆ. ನಿದ್ದೆ ಮಾಡುವುದು, ದೂರದರ್ಶನ ನೋಡುವುದು ಅವರ ಲೆಕ್ಕದಲ್ಲಿ ಹಾಬಿಯಲ್ಲ. ಆದ್ದರಿಂದ ಹೀಗೆ ಕೇಳುವುದು ಲೇಸು:

'ವಾಟ್ ಡು ಯೂ ಡು ಇನ್ ಯುವರ್ ಫ್ರೀ ಟೈಮ್?' ಬಿಡುವಿನಲ್ಲಿ ಏನು ಮಾಡುತ್ತೀರಿ?
'ವಾಟ್ ಕೈಂಡ್ ಆಫ್ ಮ್ಯೂಸಿಕ್ ಡು ಯೂ ಲೈಕ್?' ಎಂಥ ಸಂಗೀತ ನಿಮಗಿಷ್ಟ?
'ಆರ್ ಯೂ ಇಂಟರೆಸ್ಟೆಡ್ ಇನ್ ಹಿಸ್ಟರಿ?' ಇತಿಹಾಸದಲ್ಲಿ ನಿಮಗೆ ಆಸಕ್ತಿಯುಂಟೆ?

ಇಲ್ಲಿ ಇನ್ನೊಂದು ಮಾತನ್ನು ಗಮನಿಸಬೇಕು. ಕೊರಿಯದವರು ಹೊಸ ಪರಿಚಯದಲ್ಲಿ ಬೇಗನೆ ವಯಸ್ಸನ್ನು ಕೇಳುವುದುಂಟು, ಏಕೆಂದರೆ ಹಿರಿಯರೊಡನೆ ಆಡುವ ಕ್ರಿಯಾಪದದ ರೂಪವೇ ಅಲ್ಲಿ ಬೇರೆ. 'ನೀನು', 'ನೀವು' ಎಂಬ ಭೇದವುಳ್ಳ ನಮಗೆ ಇದು ಅರ್ಥವಾಗದ ಸಂಗತಿಯಲ್ಲ. ನಮ್ಮವರಾದರೋ ಸಂಬಳವೆಷ್ಟು, ಮದುವೆಯಾಯಿತೆ, ಮಕ್ಕಳೆಷ್ಟು ಎಂದು ಆರಂಭಿಸುತ್ತಾರೆ. ಇಂಗ್ಲಿಷಿನಲ್ಲಿ ಹಿರಿಯರಿಗೂ ಕಿರಿಯರಿಗೂ 'ಯೂ' ಒಂದೇ ಆದುದರಿಂದ ವಯಸ್ಸು ತಿಳಿಯುವ ಅಗತ್ಯ ಬೀಳುವುದಿಲ್ಲ. ಅಂಥ ಪ್ರಶ್ನೆಗಳು ಆ ನುಡಿಯಲ್ಲಿ ಒರಟೆನಿಸುತ್ತವೆ. ಅಭಿರುಚಿಯ ಪ್ರಶ್ನೆ ಯಾರನ್ನೂ ನೋಯಿಸುವುದಿಲ್ಲ. ಅಪರಿಚಿತರೊಡನೆ ಮಾತಿಗೆ ಅದೇ ಒಳ್ಳೆಯ ಬಾಗಿಲು.

3. ಇಷ್ಟವನ್ನು ಹೇಳುವ ಬಗೆ

'ಐ ಲೈಕ್' ಎಂಬುದು ಎಲ್ಲೆಡೆ ಸಲ್ಲುವ ನಾಣ್ಯ. ಅದರ ಆಚೆಗೆ ಈ ಕೆಳಗಿನವನ್ನು ರೂಢಿಸಿಕೊಳ್ಳಬೇಕು:

'ಐ ಆಮ್ ಇಂಟರೆಸ್ಟೆಡ್ ಇನ್': ಆಸಕ್ತಿ ಇದೆ. ಎಲ್ಲ ಸಂದರ್ಭಕ್ಕೂ ಯೋಗ್ಯ.
'ಐ ಆಮ್ ಫಾಂಡ್ ಆಫ್': ಒಲವಿದೆ. ಸ್ವಲ್ಪ ಹಳೆಯ ಧಾಟಿ.
'ಐ ಆಮ್ ಕೀನ್ ಆನ್': ಬಹಳ ಆಸಕ್ತಿ. ಬ್ರಿಟಿಷರ ಬಳಕೆ.
'ಐ ಆಮ್ ಇನ್‌ಟು': ಅದರಲ್ಲಿ ಮುಳುಗಿದ್ದೇನೆ. ಗೆಳೆಯರೊಳಗಿನ ಸಲಿಗೆಯ ಮಾತು.
'ಐ ಆಮ್ ಎ ಬಿಗ್ ಫ್ಯಾನ್ ಆಫ್': ದೊಡ್ಡ ಅಭಿಮಾನಿ.

'ಇನ್', 'ಆಫ್', 'ಆನ್' ಇವುಗಳನ್ನು ಹಿಂದಿನ ಪದದೊಡನೆ ಗಂಟುಹಾಕಿಯೇ ಕಲಿಯಬೇಕು. ಬಿಡಿಯಾಗಿ ಕಲಿತವರು ಮಾತಿನ ನಡುವೆ ಹುಡುಕುತ್ತ ನಿಲ್ಲುತ್ತಾರೆ.

ಇಲ್ಲಿ ಮೂರು ತಪ್ಪುಗಳು ಸಾಮಾನ್ಯ. ಮೊದಲನೆಯದು 'ಐ ಆಮ್ ಇಂಟರೆಸ್ಟಿಂಗ್ ಇನ್ ಮ್ಯೂಸಿಕ್' ಎನ್ನುವುದು. 'ಇಂಟರೆಸ್ಟಿಂಗ್' ಎಂದರೆ ಆಸಕ್ತಿಯನ್ನು ಹುಟ್ಟಿಸುವಂಥದು, 'ಇಂಟರೆಸ್ಟೆಡ್' ಎಂದರೆ ಆಸಕ್ತಿ ಹೊಂದಿದವನು. ಸಂಗೀತ 'ಇಂಟರೆಸ್ಟಿಂಗ್', ಕೇಳುವ ನಾನು 'ಇಂಟರೆಸ್ಟೆಡ್'. ಎರಡನೆಯದು 'ಎಂಜಾಯ್' ಎಂಬ ಕ್ರಿಯಾಪದವನ್ನು ಕರ್ಮವಿಲ್ಲದೆ ಬಿಡುವುದು. 'ವಿ ಎಂಜಾಯ್ಡ್' ಎಂದಷ್ಟೇ ಹೇಳಿದರೆ ಮಾತು ಅರ್ಧವಾಗುತ್ತದೆ. 'ವಿ ಎಂಜಾಯ್ಡ್ ದ ಫಿಲ್ಮ್' ಅಥವಾ 'ವಿ ಎಂಜಾಯ್ಡ್ ಅವರ್‌ಸೆಲ್ವ್ಸ್' ಎನ್ನಬೇಕು. ಅದರ ಮುಂದೆ ಇನ್ನೊಂದು ಕ್ರಿಯೆ ಬಂದರೆ 'ಇಂಗ್' ರೂಪವೇ ಬರಬೇಕು: 'ಐ ಎಂಜಾಯ್ ರೀಡಿಂಗ್'. ಮೂರನೆಯದು ನಮ್ಮವರ ವಿಶೇಷ: 'ಐ ಆಮ್ ಲೈಕಿಂಗ್'. ಇಷ್ಟವೆಂಬುದು ನಡೆಯುತ್ತಿರುವ ಕೆಲಸವಲ್ಲ, ಮನಸ್ಸಿನ ಸ್ಥಿತಿ. 'ಐ ಲೈಕ್' ಸಾಕು.

ಮನೆಯಲ್ಲೇ ತಯಾರಾದ ಇಂಗ್ಲಿಷಿನ ಬಗೆಗೂ ಎಚ್ಚರ ಬೇಕು. ಕೊರಿಯದವರು ವ್ಯಾಯಾಮಶಾಲೆಗೆ ಹೋಗುವುದನ್ನು 'ಹೆಲ್ತ್' ಎಂಬ ಪದದಿಂದಲೇ ಸೂಚಿಸುತ್ತಾರೆ. 'ಮೈ ಹಾಬಿ ಈಸ್ ಹೆಲ್ತ್' ಎಂದರೆ ಹೊರಗಿನವರಿಗೆ ಅರ್ಥವಾಗದು. 'ಐ ವರ್ಕ್ ಔಟ್ ಎಟ್ ಎ ಜಿಮ್' ಎನ್ನಬೇಕು. ಗೆಳೆಯರೊಡನೆ ಹೊತ್ತು ಕಳೆಯುವುದಕ್ಕೂ ಆಡುವುದಕ್ಕೂ ಅವರಲ್ಲಿ 'ನೊಲ್ದಾ' ಎಂಬ ಒಂದೇ ಕ್ರಿಯಾಪದವಿದೆ. ಹೀಗಾಗಿ ನಲವತ್ತು ವರ್ಷದ ಗೃಹಸ್ಥನೂ 'ಐ ಪ್ಲೇಡ್ ವಿತ್ ಮೈ ಫ್ರೆಂಡ್ಸ್' ಎಂದುಬಿಡುತ್ತಾನೆ. ದೊಡ್ಡವರ ಬಾಯಲ್ಲಿ ಅದು 'ಐ ಸ್ಪೆಂಟ್ ಟೈಮ್ ವಿತ್ ಮೈ ಫ್ರೆಂಡ್ಸ್' ಆಗಬೇಕು. ನಗುವ ಮುನ್ನ ನಮ್ಮ 'ಟೈಂಪಾಸ್' ಎಂಬ ಪದವನ್ನು ನೆನೆಯೋಣ. ಅದೂ ನಮ್ಮ ದೇಶದ ಗಡಿ ದಾಟಿದರೆ ನಡೆಯದ ನಾಣ್ಯವೇ.

ಉಚ್ಚಾರಣೆಯಲ್ಲಿಯೂ ಹೀಗೆಯೇ. ಕೊರಿಯನ್ ಭಾಷೆಯಲ್ಲಿ 'ಫ' ಧ್ವನಿಯಿಲ್ಲ. ಅವರು 'ಕೊಪಿ' ಎನ್ನುತ್ತಾರೆ, ನಮ್ಮ ಹಳ್ಳಿಯವರು 'ಕಾಪಿ' ಎನ್ನುತ್ತಾರೆ. 'ಬಸ್' ಎಂಬುದರ ಕೊನೆಗೆ ಸ್ವರ ಸೇರಿಸಿ ನಾವು 'ಬಸ್ಸು' ಮಾಡಿಕೊಂಡಂತೆ ಅವರೂ ಸ್ವರ ಸೇರಿಸಿ 'ಬೊಸು' ಎನ್ನುವಂತೆ ಮಾಡಿಕೊಂಡಿದ್ದಾರೆ. ಪರಭಾಷೆಯ ಪದವನ್ನು ತನ್ನ ಬಾಯಿಗೆ ಒಗ್ಗಿಸಿಕೊಳ್ಳುವುದು ಜೀವಂತ ಭಾಷೆಯ ಲಕ್ಷಣ.

4. 'ನನಗೂ' ಎನ್ನುವ ಬಗೆ

ಈಗ ಪಾಠದ ತಿರುಳಿಗೆ ಬರೋಣ. ಹಳಗನ್ನಡದಲ್ಲಿ 'ಉಂ' ಎಂದಿದ್ದು, ಹೊಸಗನ್ನಡದಲ್ಲಿ 'ಊ' ಆಗಿರುವ ಸಮುಚ್ಚಯದ ಪ್ರತ್ಯಯವನ್ನು ನೀವೆಲ್ಲ ಈ ಶಾಲೆಯ ವ್ಯಾಕರಣ ತರಗತಿಯಲ್ಲಿ ಓದಿದ್ದೀರಿ: ನಾನೂ, ನನಗೂ, ರಾಮನೂ. ಕೊರಿಯನ್ ಭಾಷೆಯಲ್ಲಿ ಇದೇ ಕೆಲಸವನ್ನು 'ದೊ' ಎಂಬ ಪ್ರತ್ಯಯ ಮಾಡುತ್ತದೆ. ನಾನು ಎಂಬುದಕ್ಕೆ ಅವರು 'ನಾ' ಎನ್ನುತ್ತಾರೆ, 'ನಾನೂ' ಎಂಬುದಕ್ಕೆ 'ನಾದೊ'. ಹಿರಿಯರೊಡನೆ ವಿನಯದಿಂದ 'ಜೊದೊ'.

ಒಬ್ಬರು 'ನನಗೆ ಕಾಫಿ ಇಷ್ಟ' ಎಂದರೆ ನಾವು 'ನನಗೂ' ಎನ್ನುತ್ತೇವೆ. 'ನನಗೆ ಕಾಫಿ ಇಷ್ಟವಿಲ್ಲ' ಎಂದರೂ 'ನನಗೂ' ಎಂದೇ ಎನ್ನುತ್ತೇವೆ. ಕ್ರಿಯಾಪದವನ್ನು ನಾವು ಉಚ್ಚರಿಸದೆ ಬಿಟ್ಟಿರುವುದರಿಂದ ಎದುರಿನವರ ಕ್ರಿಯಾಪದವೇ ನಮ್ಮದಾಗುತ್ತದೆ. ಅವರದು 'ಇದೆ' ಆದರೆ ನಮ್ಮದೂ ಇದೆ, ಅವರದು 'ಇಲ್ಲ' ಆದರೆ ನಮ್ಮದೂ ಇಲ್ಲ. ಕೊರಿಯದ 'ನಾದೊ' ಸಹ ಎರಡೂ ಕಡೆ ಸಲ್ಲುತ್ತದೆ. ಇಂಗ್ಲಿಷಿನ 'ಟೂ' ಹಾಗಲ್ಲ. ಅದು ಇದೆ ಎಂಬ ಪಕ್ಷಕ್ಕೆ ಸೇರಿದ್ದು. ಇಲ್ಲ ಎಂಬ ಪಕ್ಷಕ್ಕೆ 'ನೈದರ್', 'ಈದರ್' ಎಂಬ ಬೇರೆ ಪದಗಳೇ ಇವೆ. ನಮ್ಮ ಹುಡುಗನೂ ಕೊರಿಯದ ಅಧಿಕಾರಿಯೂ ತಂತಮ್ಮ ತಾಯ್ನುಡಿಯ ಸರಿಯಾದ ನಿಯಮವನ್ನೇ ಪಾಲಿಸಿ ಇಂಗ್ಲಿಷಿನಲ್ಲಿ ತಪ್ಪಿದರು. ಹುಡುಗನ ಪ್ರಶ್ನೆಗೆ ಉತ್ತರ ಇದೇ.

ನಿಯಮವನ್ನು ಹೀಗೆ ನೆನಪಿಡಬಹುದು. ಎದುರಿನವರ ವಾಕ್ಯದ ಸಹಾಯಕ ಕ್ರಿಯಾಪದವನ್ನು ಹಿಡಿದು, ಅದನ್ನು 'ಐ' ಎಂಬುದರ ಮುಂದೆ ಇಟ್ಟು, ಇದೆ ಎಂದಾದರೆ 'ಸೋ', ಇಲ್ಲ ಎಂದಾದರೆ 'ನೈದರ್' ಸೇರಿಸಬೇಕು. ಸಹಾಯಕ ಕ್ರಿಯಾಪದ ಕಾಣದಿದ್ದರೆ ವರ್ತಮಾನಕ್ಕೆ 'ಡು', ಭೂತಕ್ಕೆ 'ಡಿಡ್'.

'ಐ ಲೈಕ್ ಟೀ' ಎಂದರೆ 'ಸೋ ಡು ಐ'. 'ಐ ಡೋಂಟ್ ಲೈಕ್ ಟೀ' ಎಂದರೆ 'ನೈದರ್ ಡು ಐ'.
'ಐ ಆಮ್ ಫಾಂಡ್ ಆಫ್ ಬುಕ್ಸ್' ಎಂದರೆ 'ಸೋ ಆಮ್ ಐ'.
'ಐ ಕಾಂಟ್ ಸಿಂಗ್' ಎಂದರೆ 'ನೈದರ್ ಕ್ಯಾನ್ ಐ'.

ಸಲಿಗೆಯಲ್ಲಿ ಇದೆ ಎಂಬುದಕ್ಕೆ 'ಮೀ ಟೂ', ಇಲ್ಲ ಎಂಬುದಕ್ಕೆ 'ಮೀ ನೈದರ್' ಸಾಕು. ಪೂರ್ಣ ವಾಕ್ಯ ಬೇಕೆಂದರೆ 'ಐ ಲೈಕ್ ಇಟ್ ಟೂ' ಮತ್ತು 'ಐ ಡೋಂಟ್ ಲೈಕ್ ಇಟ್ ಈದರ್'. ಅಭಿರುಚಿ ಬೇರೆಯಾದಾಗ ಸುಮ್ಮನೆ ತಲೆಯಾಡಿಸಬೇಕಾಗಿಲ್ಲ. ಅವರು 'ಐ ಡೋಂಟ್ ಲೈಕ್ ಕ್ರಿಕೆಟ್' ಎಂದರೆ, ನಗುಮೊಗದಿಂದ 'ರಿಯಲಿ? ಐ ಡು' ಎನ್ನಬಹುದು. ಹೌದೆ? ನನಗೆ ಇಷ್ಟ, ಎಂದರ್ಥ.

ನಿಷೇಧಾರ್ಥದ ಪ್ರಶ್ನೆಯೂ ಇದೇ ಜಾತಿಯ ಕಲ್ಲು. 'ನಿಮಗೆ ಕ್ರಿಕೆಟ್ ಇಷ್ಟವಿಲ್ಲವೆ?' ಎಂದು ಕೇಳಿದರೆ ಇಷ್ಟವಿಲ್ಲದ ಕೊರಿಯದವನು 'ನೆ', ಅಂದರೆ ಹೌದು, ಎನ್ನುತ್ತಾನೆ. ನಾವೂ 'ಹೌದು, ಇಷ್ಟವಿಲ್ಲ' ಎನ್ನುವುದುಂಟು. ನೀವು ಹೇಳಿದ್ದು ನಿಜ ಎಂದು ನಮ್ಮ ಭಾವ. ಇಂಗ್ಲಿಷಿನಲ್ಲಿ ಪ್ರಶ್ನೆ ಹೇಗೇ ಇರಲಿ, ಇಷ್ಟವಿದ್ದರೆ 'ಯೆಸ್, ಐ ಡು', ಇಲ್ಲದಿದ್ದರೆ 'ನೋ, ಐ ಡೋಂಟ್'. ಸಂದೇಹ ಬಂದಲ್ಲಿ 'ಯೆಸ್' ಅಥವಾ 'ನೋ' ಎಂಬುದನ್ನು ಒಂಟಿಯಾಗಿ ಬಿಡದೆ ಪೂರ್ಣ ವಾಕ್ಯವನ್ನು ಹೇಳಿರಿ, ಅಪಾರ್ಥಕ್ಕೆ ಎಡೆಯಿರದು.

5. 'ನಾವಿಬ್ಬರೂ' ಎನ್ನುವ ಬಗೆ

ಸಮಾನ ಅಂಶಕ್ಕೆ ಕೊರಿಯದಲ್ಲಿ 'ಗೊಂಗ್‌ತೊಂಗ್‌ಜೊಮ್' ಎಂಬ ಪದವಿದೆ. ಅದನ್ನು ಬಿಡಿಸಿ ಅವರು 'ವಿ ಹ್ಯಾವ್ ಮೆನಿ ಕಾಮನ್ ಪಾಯಿಂಟ್ಸ್' ಎನ್ನುತ್ತಾರೆ. ನಮ್ಮವರು 'ವಿ ಆರ್ ಸೇಮ್' ಎನ್ನುತ್ತಾರೆ. ರೂಢಿಯಲ್ಲಿರುವ ಮಾತುಗಳು ಇವು:

'ವಿ ಹ್ಯಾವ್ ಎ ಲಾಟ್ ಇನ್ ಕಾಮನ್': ನಮ್ಮಿಬ್ಬರಲ್ಲಿ ಹೊಂದಿಕೆಯಾಗುವುದು ಬಹಳವಿದೆ.
'ವಿ ಆರ್ ಬೋತ್ ಇಂಟರೆಸ್ಟೆಡ್ ಇನ್ ಹಿಸ್ಟರಿ': ಇಬ್ಬರಿಗೂ ಇತಿಹಾಸದಲ್ಲಿ ಆಸಕ್ತಿ.
'ವಿ ಶೇರ್ ಆ್ಯನ್ ಇಂಟರೆಸ್ಟ್ ಇನ್ ಮ್ಯೂಸಿಕ್': ಸಂಗೀತದ ಆಸಕ್ತಿ ಇಬ್ಬರಿಗೂ ಸಮಾನ. ಬರವಣಿಗೆಗೂ ತಕ್ಕುದು.

ಇಲ್ಲಿಗೆ ಬಂದಮೇಲೆ ಆಹ್ವಾನ ಸಹಜ: 'ಲೆಟ್ಸ್ ಗೋ ಟುಗೆದರ್ ಸಮ್‌ಟೈಮ್', ಎಂದಾದರೊಮ್ಮೆ ಒಟ್ಟಿಗೆ ಹೋಗೋಣ. ಕೊರಿಯದವರು ಆಗ 'ಐ ಹ್ಯಾವ್ ಎ ಪ್ರಾಮಿಸ್' ಎಂದರೆ ಯಾರಿಗೋ ವಚನ ಕೊಟ್ಟಿದ್ದಾರೆಂದು ಗಾಬರಿಯಾಗಬೇಡಿ. ಅವರಲ್ಲಿ ವಚನಕ್ಕೂ ಭೇಟಿಯ ಗೊತ್ತುವಳಿಗೂ 'ಯಾಕ್ಸೊಕ್' ಎಂಬ ಒಂದೇ ಪದ. ಬೇರೆ ಕಡೆ ಹೋಗುವುದಿದೆ ಎಂಬುದೇ ಅವರ ಇಂಗಿತ. ಇಂಗ್ಲಿಷಿನಲ್ಲಿ 'ಐ ಹ್ಯಾವ್ ಅದರ್ ಪ್ಲಾನ್ಸ್' ಎನ್ನಬೇಕು.

6. ಒಂದು ಸಂಭಾಷಣೆ

ಕೊರಿಯದ ಬಹುಭಾಗ ಬೆಟ್ಟಗುಡ್ಡಗಳ ನಾಡು, ಅಲ್ಲಿನವರಿಗೆ ಬೆಟ್ಟ ಹತ್ತುವುದೆಂದರೆ ಬಹಳ ಪ್ರೀತಿ. ನಮ್ಮ ಹುಡುಗನೂ ಅತಿಥಿಯೂ ಹೀಗೆ ಮಾತನಾಡಬಹುದು:

ಅತಿಥಿ: ವಾಟ್ ಡು ಯೂ ಡು ಇನ್ ಯುವರ್ ಫ್ರೀ ಟೈಮ್?
ಹುಡುಗ: ಐ ಲೈಕ್ ವಿಸಿಟಿಂಗ್ ಓಲ್ಡ್ ಫೋರ್ಟ್ಸ್. ಹೌ ಅಬೌಟ್ ಯೂ?
ಅತಿಥಿ: ಐ ಲೈಕ್ ಕ್ಲೈಂಬಿಂಗ್ ಹಿಲ್ಸ್.
ಹುಡುಗ: ಸೋ ಡು ಐ. ಹ್ಯಾವ್ ಯೂ ಸೀನ್ ದ ಫೋರ್ಟ್ ಆನ್ ಪೆನುಕೊಂಡ ಹಿಲ್?
ಅತಿಥಿ: ನೋ, ಐ ಹ್ಯಾವಂಟ್.
ಹುಡುಗ: ನೈದರ್ ಹ್ಯಾವ್ ಐ. ಲೆಟ್ಸ್ ಗೋ ಟುಗೆದರ್.
ಅತಿಥಿ: ಗುಡ್. ಬಟ್ ಐ ಡೋಂಟ್ ಲೈಕ್ ದ ಹಾಟ್ ಸನ್.
ಹುಡುಗ: ನೈದರ್ ಡು ಐ. ಲೆಟ್ಸ್ ಸ್ಟಾರ್ಟ್ ಅರ್ಲಿ.
ಅತಿಥಿ: ವಿ ಹ್ಯಾವ್ ಎ ಲಾಟ್ ಇನ್ ಕಾಮನ್!

ಒಬ್ಬನಿಗೆ ಕೋಟೆಯ ಹುಚ್ಚು, ಮತ್ತೊಬ್ಬನಿಗೆ ಬೆಟ್ಟದ ಹುಚ್ಚು. ಎರಡೂ ಪೆನುಕೊಂಡದ ಬೆಟ್ಟದ ಮೇಲೆ ಕೂಡಿದವು. ಬೆಳಗ್ಗೆ ಬೇಗ ಹೊರಡುವುದೆಂದೂ ನಿಶ್ಚಯವಾಯಿತು. ಇಷ್ಟಕ್ಕೆ ಬೇಕಾದ ಇಂಗ್ಲಿಷ್ ಪದಗಳು ಎಷ್ಟು ಸ್ವಲ್ಪ ನೋಡಿರಿ!

7. ಅಭ್ಯಾಸ

ಸಮ್ಮತಿಯ ಉತ್ತರ ಕೊಡಿರಿ. ಮನೆಯಲ್ಲಿ ಮಕ್ಕಳೊಡನೆ ಇಬ್ಬಿಬ್ಬರಾಗಿ ಕುಳಿತು, ಬಾಯಿಬಿಟ್ಟು ಹೇಳಿರಿ.

(1) ಐ ಲೈಕ್ ಮ್ಯಾಂಗೋಸ್.
(2) ಐ ಆಮ್ ಇಂಟರೆಸ್ಟೆಡ್ ಇನ್ ಡ್ರಾಮಾ.
(3) ಐ ಡೋಂಟ್ ವಾಚ್ ಟೆಲಿವಿಷನ್.
(4) ಐ ವೆಂಟ್ ಟು ಲೇಪಾಕ್ಷಿ ಲಾಸ್ಟ್ ಇಯರ್.
(5) ಐ ಕಾಂಟ್ ಸ್ವಿಮ್.
(6) ಐ ಹ್ಯಾವ್ ನೆವರ್ ಸೀನ್ ಸ್ನೋ.

ಉತ್ತರಗಳು: (1) ಸೋ ಡು ಐ. (2) ಸೋ ಆಮ್ ಐ. (3) ನೈದರ್ ಡು ಐ. (4) ಸೋ ಡಿಡ್ ಐ. (5) ನೈದರ್ ಕ್ಯಾನ್ ಐ. (6) ನೈದರ್ ಹ್ಯಾವ್ ಐ. ಆರನೆಯದರಲ್ಲಿ 'ನೆವರ್' ಎಂಬುದೇ ನಿಷೇಧವನ್ನು ಹೇಳುತ್ತದೆ, 'ನಾಟ್' ಇಲ್ಲವೆಂದು ಮೋಸಹೋಗಬಾರದು. ಹಿಮ ಬೀಳುವ ನಾಡಿನಿಂದ ಬಂದ ಕೊರಿಯದ ಅತಿಥಿ ಮಾತ್ರ ಈ ಪ್ರಶ್ನೆಗೆ 'ಐ ಹ್ಯಾವ್', ನಾನು ನೋಡಿದ್ದೇನೆ, ಎನ್ನಬೇಕಾಗುತ್ತದೆ.

ಉಪಸಂಹಾರ

ಕನ್ನಡ ಮಾಧ್ಯಮದಲ್ಲಿ ಓದಿದರೆ ಇಂಗ್ಲಿಷ್ ಬಾರದೆಂಬ ಅಂಜಿಕೆಯಿಂದ ಗಡಿನಾಡಿನ ಎಷ್ಟೋ ತಂದೆತಾಯಿಗಳು ಮಕ್ಕಳನ್ನು ಬೇರೆ ಶಾಲೆಗಳಿಗೆ ಸೇರಿಸುತ್ತಿದ್ದಾರೆ. ಅವರನ್ನು ನಾನು ದೂಷಿಸುವುದಿಲ್ಲ, ಅವರಿಗೆ ಮಕ್ಕಳ ಅನ್ನದ ಚಿಂತೆ. ಆದರೆ ಒಂದನ್ನು ವಿಚಾರಿಸಬೇಕು. 'ಮೀ ಟೂ' ಎಂಬುದು ಎಲ್ಲಿ ತಪ್ಪೆಂಬುದನ್ನು ನಾನು ನಮ್ಮ ಹುಡುಗನಿಗೆ ತಿಳಿಸಿದ್ದು ಕನ್ನಡದ 'ಊ' ಪ್ರತ್ಯಯದ ಮೂಲಕ. ಅದನ್ನು ಬಲ್ಲವನಾದುದರಿಂದ ಕಾಲು ಗಂಟೆಯಲ್ಲಿ ಗ್ರಹಿಸಿದ. ತನ್ನ ನುಡಿಯ ನಡೆಯನ್ನೇ ಅರಿಯದವನಿಗೆ ಇದನ್ನು ಹೇಗೆ ವಿವರಿಸುವುದು? ತಪ್ಪುವುದು ಶಾಲೆಯ ದೋಷವೂ ಅಲ್ಲ, ಜಾತಿಯ ದೋಷವೂ ಅಲ್ಲ, ಎರಡು ಭಾಷೆಗಳ ಮಧ್ಯೆ ನಡೆದಾಡುವವನ ಕಾಲಿಗೆ ತಗಲುವ ಕಲ್ಲು ಎಂಬುದಕ್ಕೆ ಕೊರಿಯದವರೇ ಸಾಕ್ಷಿ. ಅವರು ಆ ತಪ್ಪುಗಳನ್ನು ಮಾಡುತ್ತಲೇ ಸಮುದ್ರ ದಾಟಿ ಬಂದು ನಮ್ಮ ನೆರೆಯಲ್ಲಿ ಕಾರ್ಖಾನೆ ನಡೆಸುತ್ತಿದ್ದಾರೆ.

ರಜೆ ಮುಗಿಸಿ ಕೆಲಸಕ್ಕೆ ಮರಳಿದ ಹುಡುಗ ಆ ಅಧಿಕಾರಿಯೊಡನೆ ಕುಳಿತು 'ನಾದೊ'ವನ್ನೂ 'ನನಗೂ' ಎಂಬುದನ್ನೂ ಹೋಲಿಸಿ ತೋರಿಸಿದನಂತೆ. ಇಬ್ಬರೂ ನಕ್ಕು, ಇನ್ನು ಮೇಲೆ ಒಬ್ಬರ ತಪ್ಪನ್ನು ಒಬ್ಬರು ತಿದ್ದಿಕೊಳ್ಳುವುದೆಂದು ಒಪ್ಪಿಕೊಂಡರಂತೆ. ಅವನು ಮತ್ತೆ ಬಾಯಿ ಬಿಟ್ಟನೆಂಬುದೇ ನನಗೆ ಸಂದ ಗುರುದಕ್ಷಿಣೆ. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಅವನಂತೆ ಮೌನ ವಹಿಸಿದ್ದರೆ, ಅವರೂ ಈ ಪಾಠವನ್ನು ಮನೆಯವರೊಡನೆ ಒಮ್ಮೆ ಗಟ್ಟಿಯಾಗಿ ಓದಲಿ ಎಂಬುದು ನನ್ನ ಕೋರಿಕೆ.